ಎಡಗೈ

ತಟ್ಟೆಯಲ್ಲಿ ಒಂದು ಗಿಲಾಸು, ಬಾಚಣಿಗೆ, ಬೀಗದ ಕೈ ಮತ್ತು ಅಪ್ಪನದೇ ಕನ್ನಡಕ ಇದ್ದವು. ದ್ರೌಪತಿ ಗಿಲಾಸನ್ನು ಎತ್ತಿ ಅಪ್ಪನ ಎದುರಿಗೆ ಹಿಡಿದು "ಇದೇನ್ರಿ ಅಪ್ಪಾ?" ಎಂದು ಕೇಳಿ ಸುಮ್ಮನಾದಳು. ಕೇಳಿದ ಮೇಲೆ ಸುಮ್ಮನಾಗುವುದೇ ಕಷ್ಟದ ಕೆಲಸ, ಅದನ್ನು ಕಲಿಯಲು ತನಗೆ ವರ್ಷಗಳು ಬೇಕಾದವು ಎಂದು ಅವಳು ಹೈದರಾಬಾದಿನಲ್ಲಿ ಹೊಸ ಶಿಕ್ಷಕರಿಗೆ ಹೇಳುತ್ತಿದ್ದಳು. ಮುಖದ ಮೇಲೆ ಅವಸರ ತೋರಿಸದೆ, ಹುಬ್ಬು ಎತ್ತದೆ, ತುಟಿ ಅಲುಗಿಸದೆ ಕಾಯಬೇಕು; ಉತ್ತರ ಗೊತ್ತಿಲ್ಲದವನು ಮೊದಲು ನೋಡುವುದು ಕಲಿಸುವವರ ತುಟಿಯನ್ನು. ಅಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ. ಹೊರಗೆ ಮುಂಬಯಿ ರಸ್ತೆಯಲ್ಲಿ ಲಾರಿಗಳು ಗೇರು ಬದಲಿಸುವ ಸದ್ದು, ಕಾಳಿನ ಪೇಟೆಯಾದ ಗಂಜಿನ ಕಡೆಯಿಂದ ತೊಗರಿಯ ಧೂಳಿನ ವಾಸನೆ. ಅಪ್ಪನ ಗಂಟಲಲ್ಲಿ ಏನೋ ಹೊರಳಿತು. ಬಂತು, ಇನ್ನೇನು ಬಂತು ಅನ್ನುವಾಗ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ತಮ್ಮ ಬಸವಣಪ್ಪ ಕೂಗಿದ: "ಗಿಲಾಸ್ ಅನ್ರಿ ಅಪ್ಪಾ, ಗಿಲಾಸ್!"

ಅಪ್ಪನ ಗಂಟಲು ಇಳಿಯಿತು. ಕಣ್ಣು ಬಾಗಿಲ ಕಡೆ ಹೋಯಿತು.

"ಹೇಳಿಕೊಡಬ್ಯಾಡ ಅಂತ ಎಷ್ಟು ಸಲ ಹೇಳಬೇಕೋ ನಿನಗ?"

"ಅಕ್ಕಾ, ನೀ ಹಿಂಗ ಬಾಯಿ ಮುಚ್ಕೊಂಡು ಕುಂತರ ಅವರಿಗೆ ಹ್ಯಾಂಗ ತಿಳೀತದ? ಗಿರಾಕಿ ಬಂದಾಗ ನಾ ಹಿಂಗ ಕುಂತೆ ಅಂದ್ರ ನನ್ನ ಅಡತಿ ಅಂಗಡಿ ಬಾಗಲಾ ಹಾಕಬೇಕಾಗ್ತದ."

"ನಿನ್ನ ಗಿರಾಕಿಗಳಿಗೆ ಬಾಯಿ ಅದ. ನೀ ಹೋಗು."

ಅವನು ನಗುತ್ತ ಹೋದ. ಒಳ್ಳೆಯ ಹುಡುಗನೇ. ತಿಂಗಳ ಹಿಂದೆ ಅಪ್ಪನಿಗೆ ಲಕ್ವ ಹೊಡೆದ ದಿನ ಗಂಜಿನಿಂದ ಓಡಿಬಂದು, ಹೊತ್ತುಕೊಂಡೇ ಆಸ್ಪತ್ರೆಗೆ ಹೋಗಿದ್ದವನು ಅವನು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಕಾಲಿಗೆ ಸ್ವಲ್ಪ ಜೀವ ಬಂದಿದೆ. ಕೈ ಹೊದಿಕೆಯ ಕೆಳಗೆ ಬೇರೆ ಯಾರದೋ ವಸ್ತುವಿನಂತೆ ಮಲಗಿರುತ್ತದೆ. ಮಾತು ಪೂರ್ತಿ ಹೋಗಿದೆ. ಅವರಿಗೆ ಎಲ್ಲಾ ತಿಳಿಯುತ್ತದೆ, ಪದ ಮಾತ್ರ ಸಿಗುವುದಿಲ್ಲ, ದಿನಾ ಮಾತಾಡಿಸುತ್ತಿದ್ದರೆ ಬಂದರೂ ಬರಬಹುದು ಎಂದು ದ್ರೌಪತಿ ಬಂದ ದಿನ ಡಾಕ್ಟರರು ಹೇಳಿದ್ದರು. ಆಗ ಬಸವಣಪ್ಪ ಹೆಮ್ಮೆಯಿಂದ, "ನಮ್ಮ ಅಕ್ಕ ಅದಾಳಲ್ರಿ, ಹೈದರಾಬಾದಿನಾಗ ಇಂಗ್ಲಿಷ್ ಪ್ರೊಫೆಸರ್" ಎಂದಿದ್ದ. ಕಲಿಸುವುದು ಇಂಗ್ಲಿಷ್ ಅಲ್ಲ, ಸ್ಪ್ಯಾನಿಶ್; ತಾನು ಪ್ರೊಫೆಸರೂ ಅಲ್ಲ ಎಂದು ತಿದ್ದಲು ಅವಳು ಬಾಯಿ ತೆರೆದು ಮುಚ್ಚಿದ್ದಳು. ತಿದ್ದಿದರೆ ವಿವರಿಸಬೇಕಾಗುತ್ತದೆ, ಆ ವಿವರ ಎಲ್ಲಿಗೆ ಮುಟ್ಟುತ್ತದೆಂದು ಅವಳಿಗೆ ಗೊತ್ತು. ನಿನ್ನೆ ಪಕ್ಕದ ಮನೆಯ ಶಕುಂತಲಾಬಾಯಿ ಅಪ್ಪನನ್ನು ನೋಡಲು ಬಂದವಳು, ಅಪ್ಪನಿಗೆ ಬೆನ್ನು ಕೊಟ್ಟು ಕೂತು ಕೇಳಿದ್ದಳು: "ಸ್ಪ್ಯಾನಿಶ್ ಅಂದ್ರ ಯಾರ ಮಾತವ್ವಾ ಅದು? ಈ ಕಡಿ ಯಾರು ಆಡ್ತಾರ?"

"ಈ ಕಡಿ ಯಾರೂ ಆಡಾಂಗಿಲ್ರಿ ಕಾಕು."

"ಮತ್ತ ನಿನ್ನ ಬಲ್ಲಿ ಕಲ್ತವರು ಯಾರ ಜೋಡಿ ಆಡ್ತಾರ?"

ಅವ್ವ ಕಸ್ತೂರಿಬಾಯಿ ಒಳಗಿನಿಂದಲೇ ಮಗಳ ಪರವಾಗಿ, "ಅದಕ್ಕೂ ಸರ್ಕಾರ ಪಗಾರ ಕೊಡ್ತದವಾ, ಸುಳ್ಳಲ್ಲ" ಎಂದಳು. ಶಕುಂತಲಾಬಾಯಿಯ ಪ್ರಶ್ನೆಯನ್ನೇ ಹೋದ ವರ್ಷ ಅವಳ ಸಂಸ್ಥೆಯ ಪಠ್ಯಕ್ರಮ ಸಮಿತಿಯವರು ಬೇರೆ ಪದಗಳಲ್ಲಿ ಕೇಳಿದ್ದರು. ಸಂಜೆ ಆರು ಗಂಟೆಗೆ ಅವಳ ತರಗತಿಗೆ ಬರುತ್ತಿದ್ದವರು ಪ್ರವಾಸ ಕಚೇರಿಯ ಗುಮಾಸ್ತರು, ದಕ್ಷಿಣ ಅಮೆರಿಕಕ್ಕೆ ಔಷಧಿ ಕಳಿಸುವ ಕಂಪನಿಯ ಇಬ್ಬರು, ಗಂಡ ಸತ್ತ ಮೇಲೆ ಮನೆಯಲ್ಲಿ ಕೂರಲಾರದೆ ಬಂದ ಒಬ್ಬ ಹೆಂಗಸು. ಇವರಿಗೆಲ್ಲ ಮ್ಯಾಡ್ರಿಡ್ಡಿನಲ್ಲಿ ಅಚ್ಚಾದ ಪುಸ್ತಕವೊಂದಿತ್ತು. ಅದರಲ್ಲಿ ಹಿಮ, ಆಲಿವ್ ಕಾಯಿ, ಸುರಂಗದ ರೈಲು. ಎರಡು ವರ್ಷ ಕೂತು ಅವಳು ಅದರ ಬದಲಿಗೆ ಸಿಟಿ ಬಸ್ಸು, ಹುಣಸೆಹಣ್ಣು, ಕರೆಂಟು ಹೋದ ಸಂಜೆ, ಹಿರಿಯರ ಮುಂದೆ ಗಂಡನನ್ನು ಹೆಸರು ಹೇಳಿ ಕರೆಯದ ಸೊಸೆ ಇವನ್ನೆಲ್ಲ ಸ್ಪ್ಯಾನಿಶ್ ಪಾಠಗಳಾಗಿ ಕಟ್ಟಿದ್ದಳು. ಮೊದಲ ಪಾಠವೊಂದನ್ನು ಮಾತ್ರ ಮುಟ್ಟಿರಲಿಲ್ಲ. 'ಕೆ ಎಸ್ ಎಸ್ತೊ? ಎಸ್ ಉನ್ ಲಿಬ್ರೊ.' ಇದೇನು? ಇದು ಪುಸ್ತಕ. ಎಲ್ಲ ಭಾಷೆಯ ಎಲ್ಲ ಪುಸ್ತಕಗಳೂ ಶುರುವಾಗುವುದು ಹೀಗೆ. ಅದರಲ್ಲಿ ಬದಲಿಸುವುದೇನಿದೆ ಎಂದುಕೊಂಡಿದ್ದಳು. ಸೋಮವಾರ ಸಮಿತಿ ಕೂಡುತ್ತದೆ. ಪಾಠಗಳನ್ನು ಒಪ್ಪಿಕೊಂಡರೆ ಕೋರ್ಸು ಉಳಿಯುತ್ತದೆ, ಅವಳೂ ಉಳಿಯುತ್ತಾಳೆ. ನಾಳೆ ಬೆಳಿಗ್ಗೆ ಬಸ್ಸು. ಅಷ್ಟರೊಳಗೆ ಅಪ್ಪನ ಬಾಯಿಂದ ಒಂದು ಪದ, ಯಾವುದಾದರೂ ಸರಿ, ಹೊರಡಿಸಿ ಹೋಗುತ್ತೇನೆಂದು ಅವಳು ಬಂದ ದಿನವೇ ಅವ್ವನಿಗೆ ಮಾತು ಕೊಟ್ಟಿದ್ದಳು. ಹೇಳುವಾಗ ದನಿಯಲ್ಲಿ ಕಸುಬಿನ ಅಹಂಕಾರ ಇತ್ತೆಂದು ಈಗ ಅನ್ನಿಸುತ್ತದೆ. ಏನೂ ಬಾರದವರಿಗೆ ಒಂದು ಇಡೀ ಭಾಷೆ ಕೊಡುವವಳು. ಆಡುತ್ತಿದ್ದವನಿಗೆ ಅವನದೇ ಒಂದು ಪದ ಕೊಡಲಾರಳೆ?

ಗಿಲಾಸು ಕೆಳಗಿಟ್ಟು ಬೀಗದ ಕೈ ಎತ್ತಿದಳು. ಕೇಳಿದಳು. ಕಾದಳು. ದಿಲ್ಲಿಯಲ್ಲಿ ಅವಳಿಗೆ ಕಲಿಸಿದ ಪಿಲಾರ್ ಎಂಬ ಸ್ಪೇನಿನ ಹೆಂಗಸು ಹೀಗೆಯೇ ಕಿತ್ತಳೆ ಹಣ್ಣು ಹಿಡಿದು ನಿಂತಿದ್ದಳು. ನಿನ್ನೆ ಹೇಳಿಕೊಟ್ಟ ಪದ, ಇವತ್ತು ಇಲ್ಲ. ದಿಲ್ಲಿಯ ಕಾನ್ವೆಂಟುಗಳಿಂದ ಬಂದ ಹುಡುಗಿಯರ ನಡುವೆ ಬೀದರ್ ಜಿಲ್ಲೆಯ ಹುಡುಗಿ ಎದ್ದು ನಿಂತು ಹಣ್ಣನ್ನು ನೋಡಿದಳು, ಹಣ್ಣು ಅವಳನ್ನು ನೋಡಿತು. ಪಿಲಾರ್ ಹೇಳಿಕೊಡಲಿಲ್ಲ. ಕಿವಿ ಬಿಸಿಯಾಗಿ, ಬೆವರು ಬೆನ್ನಿಗೆ ಇಳಿದು, ಕೊನೆಗೆ 'ನರಾಂಹ' ಅನ್ನುವ ಪದ ಬಂದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಆ ಕಾಯುವಿಕೆಯನ್ನು ಅವಳು ಆಮೇಲೆ ದಯೆಯೆಂದು ಕರೆದಳು, ತನ್ನ ಪದ್ಧತಿಯ ಅಡಿಪಾಯ ಮಾಡಿಕೊಂಡಳು. ರಜೆಗೆ ಬಂದಾಗ ಅಪ್ಪನಿಗೆ ಹೇಳಿದ್ದಳು: "ಅಪ್ಪಾ, ನಮ್ಮ ನಾರಂಗಿನೇ ಅಲ್ಲಿ ನರಾಂಹ ಆಗ್ಯದ. ನಮ್ಮ ಕಮೀಜು ಅವರ ಕಮೀಸ." ಅಪ್ಪ ಎಷ್ಟು ಖುಷಿಪಟ್ಟಿದ್ದ. ಇಡೀ ದಿನ ಬಂದವರಿಗೆಲ್ಲ ಹೇಳಿದ್ದ. ಉರ್ದುವಿನಲ್ಲಿ ಓದಿದ್ದು ಒಂದು ತಪ್ಪು ಎಂಬಂತೆ ಬದುಕಿದವನಿಗೆ ತನ್ನ ಪದಗಳಿಗೆ ಅಷ್ಟು ದೂರದಲ್ಲಿ ನೆಂಟರಿದ್ದಾರೆಂಬುದು ಸಮಾಧಾನ ಕೊಟ್ಟಿರಬೇಕು. ಈಗ ಅಪ್ಪ ಬೀಗದ ಕೈಯನ್ನು ನೋಡುತ್ತಿದ್ದ, ಬೀಗದ ಕೈ ಅವನನ್ನು ನೋಡುತ್ತಿತ್ತು. ಚಪ್ಪಾಳೆ ತಟ್ಟಲು ಯಾರೂ ಇರಲಿಲ್ಲ. ಅಪ್ಪನ ಹಣೆಯಲ್ಲಿ ಬೆವರಿತ್ತು. ಅವಳು ಸೆರಗಿನಿಂದ ಒರೆಸಿದಳು.

ಅವಳ ಚಿಕ್ಕಂದಿನಲ್ಲಿ ಬಸವಕಲ್ಯಾಣದ ಹಳೆಯ ಮನೆಯ ಪಡಸಾಲೆಯಲ್ಲಿ ಸಂಜೆ ಅಪ್ಪನ ಹಣೆ ಹೀಗೆಯೇ ಬೆವರುತ್ತಿತ್ತು. ಐವತ್ತಾರರ ನವೆಂಬರಿನಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅಪ್ಪನಿಗೆ, ಅಂದರೆ ವೈಜನಾಥ ಮಾಸ್ತರನಿಗೆ, ತಿಳಿದದ್ದು, ತನಗೆ ಮಾತಾಡಲು ಬರುವ ಭಾಷೆಯನ್ನು ಓದಲು ಬರುವುದಿಲ್ಲ ಎಂದು. ಓದಿದ್ದು ಉರ್ದು, ಕಲಿಸಿದ್ದು ಉರ್ದುವಿನಲ್ಲಿ ಲೆಕ್ಕ. ಇಲಾಖೆಯ ಕನ್ನಡ ಪರೀಕ್ಷೆ ಪಾಸಾಗದಿದ್ದರೆ ನೌಕರಿಗೆ ತೊಂದರೆ ಎಂದು ಸುದ್ದಿ. ಎರಡನೆಯ ಇಯತ್ತೆಯ ದ್ರೌಪತಿಗೆ ಕನ್ನಡ ಅಕ್ಷರ ಬರುತ್ತಿತ್ತು. ಅವಳು ಪಾಟಿಯ ಮೇಲೆ ಬರೆದು "ಇದೇನು?" ಎಂದು ಕೇಳುವಳು, ಅಪ್ಪ ಚಕ್ಕಂಬಕ್ಕಳ ಹಾಕಿ ಕೂತು, ಕಣ್ಣನ್ನು ಬಲದಿಂದ ಎಡಕ್ಕೆ ಓಡಿಸಿ, ನೆನಪಾಗಿ, ಎಡದಿಂದ ಬಲಕ್ಕೆ ಓಡಿಸುವನು. ತಪ್ಪಿದರೆ ತಾನೇ ಎಡಗೈ ಚಾಚುವನು. "ಯಾವಾಗಲೂ ಎಡಗೈಗೆ ಹೊಡಿಬೇಕು. ಬಲಗೈ ಬರಿಯಾಕ ಬೇಕಾಗ್ತದ. ಯಾವ ಮಾಸ್ತರಿಗೂ ಇದು ಗೊತ್ತಿರಬೇಕು" ಎಂದು ಅವನೇ ಹೇಳಿಕೊಟ್ಟಿದ್ದ. ಅವಳು ಅಡಿಕೋಲಿನಿಂದ ಮೆಲ್ಲಗೆ ತಟ್ಟುವಳು, ಅವನು "ಅಯ್ಯಯ್ಯೋ ಬಾಯಾರ, ಸತ್ತೆ" ಎಂದು ಶಿಕ್ಷಕಿಯ ಮುಂದಿನ ಹುಡುಗನಂತೆ ಕೈ ಝಾಡಿಸುವನು, ಅವ್ವ ಒಲೆಯ ಮುಂದೆ ಕೂತು ನಗುವಳು. ಈ ಕತೆಯನ್ನು ದ್ರೌಪತಿ ಹೈದರಾಬಾದಿನಲ್ಲಿ ಎಷ್ಟೋ ಸಲ ಹೇಳಿದ್ದಾಳೆ. ವಯಸ್ಸಾದ ಮೇಲೆ ಭಾಷೆ ಕಲಿಯಲು ನಾಚಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಕತೆ ಇಲ್ಲ. ಗುಮಾಸ್ತರು ನಗುತ್ತಾರೆ, ಗಂಡ ಸತ್ತ ಹೆಂಗಸೂ ನಗುತ್ತಾಳೆ. ಹೇಳದೆ ಬಿಡುವುದು ಒಂದು ಸಂಜೆಯದು. ಆವತ್ತು ಬಾಗಿಲಲ್ಲಿ ಅವಳ ವರ್ಗದ ಮೂವರು ಹುಡುಗಿಯರು ಬಂದು ನಿಂತಿದ್ದರು. ಅಪ್ಪ ಒಂದು ಒತ್ತಕ್ಷರದ ಮುಂದೆ ಸಿಕ್ಕಿಬಿದ್ದಿದ್ದ. ಹುಡುಗಿಯರಲ್ಲಿ ಒಬ್ಬಳು, "ಏ, ಮಾಸ್ತರಿಗೇ ಓದಾಕ ಬರಾಂಗಿಲ್ಲ!" ಎಂದಳು. ಉಳಿದವರು ಕಿಸಕ್ಕೆಂದರು. ಅಪ್ಪ ಎಂದಿನಂತೆ ನಗುತ್ತ ಎಡಗೈ ಚಾಚಿದ. ದ್ರೌಪತಿ ಅಡಿಕೋಲನ್ನು ಅಡ್ಡ ತಿರುಗಿಸಿ, ಅದರ ಅಂಚಿನಿಂದ, ಇದ್ದಷ್ಟು ಬಲದಿಂದ ಹೊಡೆದಳು. ಅಪ್ಪ "ಅಯ್ಯಯ್ಯೋ" ಅನ್ನಲಿಲ್ಲ. ಅಂಗೈಯನ್ನು ಒಮ್ಮೆ ನೋಡಿಕೊಂಡ, ಅವಳನ್ನು ನೋಡಿದ, ಆಮೇಲೆ ಪಾಟಿಯನ್ನು ನೋಡಿದ. ಮರುದಿನವೂ ಪಾಠಕ್ಕೆ ಕೂತ. ತಪ್ಪಾದಾಗ ಮರುದಿನವೂ ಕೈ ಚಾಚಿದ. ಅದೇ ಅವಳಿಗೆ ತಡೆಯಲಾಗದೆ ಹೋದದ್ದು.

ಅಂಗಳದಲ್ಲಿ ದೊಡ್ಡ ದನಿ ಕೇಳಿತು. "ಕಸ್ತೂರಿ ಭಾಬೀ, ಚಹಾ ಇಡ್ರಿ! ಬಸವಕಲ್ಯಾಣದಿಂದ ನಿಂತ್ಕೊಂಡೇ ಬಂದೀನಿ. ಕಂಡಕ್ಟರ್ ನನ್ನ ಶಾಗಿರ್ದ್, ನನ್ನ ಬಲ್ಲೇ ಕಲ್ತಾವ, ಆದ್ರೂ ಸೀಟ್ ಕೊಡಲಿಲ್ಲ ಬದ್ಮಾಷ್!"

ಬದ್ರುದ್ದೀನ್ ಚಾಚಾ. ಅಪ್ಪನ ಜೊತೆ ಓದಿ, ಅಪ್ಪನ ಜೊತೆ ಮಾಸ್ತರಾಗಿ, ಅಪ್ಪನ ಜೊತೆ ಕನ್ನಡ ಪರೀಕ್ಷೆಗೆ ಕೂತು, ಅಪ್ಪನಿಗಿಂತ ಒಂದು ವರ್ಷ ಮೊದಲು ನಿವೃತ್ತನಾದವನು. ಕೈಯಲ್ಲಿ ಬಸ್‌ಸ್ಟ್ಯಾಂಡಿನ ಹುರಿದ ಶೇಂಗಾದ ಪೊಟ್ಟಣ. ಅಪ್ಪ ಒರಗಿದ್ದ ಹೊರಸಿನ ಅಂಚಿಗೆ ಕೂತವನೇ ಅವನ ಗದ್ದ ಹಿಡಿದು ಎಡಬಲ ತಿರುಗಿಸಿ ನೋಡಿದ. "ಏನ್ ಯಾರ್ ವೈಜನಾಥ, ಅರ್ಧಾ ಮಾರಿ ಎಲ್ಲಿ ಇಟ್ಟು ಬಂದಿ? ಊಟ ಮಾಡಿದಿ? ಮಾಡಿದಿ, ಹೊಟ್ಟಿ ನೋಡಿದ್ರ ತಿಳೀತದ. ನಿದ್ದಿ ಬರ್ತದ? ಬರ್ತದ, ಕೆಲಸ ಏನದ ನಿನಗ." ಕೇಳುವುದೂ ಅವನೇ, ಹೇಳುವುದೂ ಅವನೇ. ಅಪ್ಪನ ಮುಖದ ಎಡ ಅರ್ಧ ನಕ್ಕಿತು. ಬಂದು ಆರು ದಿನವಾದರೂ ದ್ರೌಪತಿ ಆ ನಗೆ ಕಂಡಿರಲಿಲ್ಲ. ಅವಳಿಗೆ ಸಂತೋಷವಾಯಿತು, ಅದರ ಬೆನ್ನಿಗೇ ಒಂದು ಸಣ್ಣ ಹೊಟ್ಟೆಕಿಚ್ಚೂ ಆಯಿತು.

"ಚಾಚಾ, ಅವರ ಪರವಾಗಿ ನೀವು ಹೇಳಬ್ಯಾಡ್ರಿ. ಅವರೇ ಹೇಳಬೇಕು. ಡಾಕ್ಟರ್ ಹೇಳ್ಯಾರ."

"ಅಚ್ಛಾ? ತಾಲೀಮು ನಡದದೇನು?" ಚಾಚಾ ತಟ್ಟೆಯನ್ನು ನೋಡಿದ. "ಸಾಮಾನು ಭಾರಿ ಇಟ್ಟಿ ಬೇಟಿ. ಬೀಗದ ಕೈ ಕೊಟ್ಟು ಬಾಯಿ ತೆರೀಬೇಕಂತ ಮಾಡೀಯೇನು?"

ಚಹಾ ತಂದ ಅವ್ವ ನಗು ತಡೆಯಲಾರದೆ ಕಪ್ಪಿನಿಂದ ಬಸಿಗೆ ಚೆಲ್ಲಿದಳು. "ನಿಮಗ ಎಲ್ಲಾ ಚ್ಯಾಷ್ಟಿ ನೋಡ್ರಿ. ಆಕಿ ಮೂರು ಹೊತ್ತೂ ಇದರಾಗೇ ಅದಾಳ."

"ಚ್ಯಾಷ್ಟಿ ಅಲ್ರೀ ಭಾಬಿ. ಉಸ್ತಾದನಿ ಮೊದಲಿಂದನೂ ಕಡಕ್." ಚಾಚಾ ಅಪ್ಪನ ಕಡೆ ಬಾಗಿದ. "ನೆನಪದ ಏನು, ಸಾಲಿಯಾಗ ನೀ ಎಡಗೈ ಕಿಸೆದಾಗ ಇಟ್ಕೊಂಡು ತಿರುಗ್ತಿದ್ದಿ? ಏನಾಯ್ತೋ ಅಂದ್ರ, ಮಗಳ ಕಡೆ ಶಾಬಾಸ್ಕಿ ಸಿಕ್ಕದ ಅಂತಿದ್ದಿ."

ಅಪ್ಪ ಚಾಚಾನನ್ನು ನೋಡಿದ, ಆಮೇಲೆ ದ್ರೌಪತಿಯನ್ನು. ಅವಳು ಪೊಟ್ಟಣದಿಂದ ಒಂದು ಶೇಂಗಾಕಾಯಿ ತೆಗೆದುಕೊಂಡಳು. ಕೈಗಳಿಗೆ ಏನಾದರೂ ಬೇಕಾಗಿತ್ತು. ಕಿಸೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇಷ್ಟು ವರ್ಷ ಕತೆ ಹೇಳಿದ್ದಾಯಿತು. ಅಪ್ಪನ ಮುಖದಲ್ಲಿ ಇನ್ನೂ ಆ ಅರ್ಧ ನಗು ಉಳಿದಿತ್ತು. ಹೊತ್ತು ಒಳ್ಳೆಯದಿದೆ, ಗಂಟಲು ಸಡಿಲಾಗಿದೆ, ಈಗ ಕೇಳಿದರೆ ಬಂದೀತು ಎಂದು ಅವಳೊಳಗಿನ ಶಿಕ್ಷಕಿ ಲೆಕ್ಕ ಹಾಕಿದಳು. ಬೀಗದ ಕೈ ಅಲ್ಲ, ಗಿಲಾಸು ಅಲ್ಲ, ಬಾಲ್ಯದಿಂದ ತಿಂದ ವಸ್ತು. ಅವಳು ಕಾಯನ್ನು ಎತ್ತಿ ಹಿಡಿದಳು.

"ಚಾಚಾ, ಒಂದ ನಿಮಿಷ ಸುಮ್ನಿರ್ರಿ. ಅವ್ವಾ, ನೀನೂ." ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಇದೇನ್ರಿ?"

ಚಾಚಾ ಆಜ್ಞೆ ಪಾಲಿಸುವ ಹುಡುಗನಂತೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ. ಅವ್ವ ಬಸಿ ಹಿಡಿದೇ ನಿಂತಳು. ಮೂವರೂ ಕಾದರು. ದ್ರೌಪತಿ ತುಟಿ ಅಲುಗಿಸಲಿಲ್ಲ, ಹುಬ್ಬು ಎತ್ತಲಿಲ್ಲ. ಅಪ್ಪನ ನಗು ಮೆಲ್ಲಗೆ ಹೋಯಿತು. ಗಂಟಲು ಹೊರಳಿತು, ಬಾಯಿ ತೆರೆಯಿತು, ಗಾಳಿ ಬಂತು. ಹಣೆಯಲ್ಲಿ ಬೆವರು ಕೂತಿತು. ಅವನು ಕಾಯನ್ನು ನೋಡಿದ, ಮಗಳ ತುಟಿಯನ್ನು ನೋಡಿದ, ಬಾಗಿಲ ಕಡೆ, ಅಲ್ಲಿ ಯಾರಾದರೂ ನಿಂತಿದ್ದಾರೋ ಎಂಬಂತೆ, ನೋಡಿದ. ಆಮೇಲೆ ಹೊದಿಕೆಯ ಕೆಳಗಿನಿಂದ ಅವನ ಎಡಗೈ ಹೊರಗೆ ಬಂತು. ಬಂದು, ಅವಳ ಮುಂದೆ ನೀಳವಾಗಿ ಚಾಚಿ, ಅಂಗೈ ಮೇಲಾಗಿ ತೆರೆದುಕೊಂಡಿತು.

"ಬೇಕಂತ!" ಚಾಚಾ ಬಾಯಿಂದ ಕೈ ತೆಗೆದ. "ಹೆಸರು ಆಮ್ಯಾಲೆ ಕೇಳುವಂತಿ, ಮೊದಲು ಕೊಡು ಬೇಟಿ. ಹಸ್ದಾನ ಮನುಷ್ಯಾ."

"ಕೊಡವಾ," ಅಂದಳು ಅವ್ವ. "ಕೇಳಾಕತ್ಯಾರ."

ಕೇಳುತ್ತಿಲ್ಲ ಎಂಬುದು ದ್ರೌಪತಿಗೊಬ್ಬಳಿಗೇ ಗೊತ್ತಿತ್ತು. ಬೇಡುವ ಕೈಯ ಬೆರಳುಗಳು ಸ್ವಲ್ಪ ಮಡಚಿರುತ್ತವೆ. ಈ ಕೈ ಹಲಗೆಯಂತೆ ಚಪ್ಪಟೆಯಾಗಿತ್ತು, ಹೆಬ್ಬೆರಳು ಪಕ್ಕಕ್ಕೆ ಸರಿದಿತ್ತು, ಏಟು ಗೆಣ್ಣಿಗೆ ತಾಗದೆ ಮಾಂಸಕ್ಕೆ ತಾಗಲಿ ಎಂದು ಅನುಭವಸ್ಥರು ಇಡುವ ಹಾಗೆ. ಆರು ದಿನದಿಂದ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವಳು ಈ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದಳು, ಕಾದಿದ್ದಳು, ಕಾಯುವುದನ್ನು ದಯೆ ಎಂದುಕೊಂಡಿದ್ದಳು. ಅವನು ಆರು ದಿನದಿಂದ ಪರೀಕ್ಷೆಗೆ ಕೂತಿದ್ದ. ಅವಳಿಗೆ ಉತ್ತರ ಗೊತ್ತಿತ್ತು, ಅವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆಯೆಂಬುದೂ ಅವನಿಗೆ ಗೊತ್ತಿತ್ತು. ಹಾಗಿದ್ದ ಮೇಲೆ ಯಾಕೆ ಕೇಳುತ್ತಿದ್ದಾಳೆ? ತಪ್ಪು ಹಿಡಿಯಲು. ಬೇರೆ ಯಾವ ಕಾರಣಕ್ಕೆ ಒಬ್ಬರು ಇನ್ನೊಬ್ಬರ ಮುಂದೆ ಗಿಲಾಸು ಹಿಡಿದು ಇದೇನು ಅನ್ನುತ್ತಾರೆ? ಮನೆಯಲ್ಲಿ, ಗಂಜಿನಲ್ಲಿ, ಬಸ್ಸಿನಲ್ಲಿ, ಮ್ಯಾಡ್ರಿಡ್ಡಿನಲ್ಲಿ ಸಹ, ಮಾಸ್ತರರನ್ನು ಬಿಟ್ಟು ಹಾಗೆ ಕೇಳುವವರು ಯಾರಿದ್ದಾರೆ?

 ಕಾಯನ್ನು ಅಪ್ಪನ ಅಂಗೈ ಮೇಲೆ ಇಟ್ಟಳು. "ತಗೋರಿ ಅಪ್ಪಾ."

ಅಪ್ಪ ಅಂಗೈಯನ್ನು ನೋಡಿಕೊಂಡ. ಬರಬೇಕಾದದ್ದು ಇದಲ್ಲ ಎಂಬಂತೆ ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದ. ಅವಳು ಇನ್ನೊಂದು ಇಟ್ಟಳು. "ತಗೋರಿ." ಇನ್ನೊಂದು. ಬೆರಳುಗಳು ಮಡಚಿಕೊಂಡವು.

ತಟ್ಟೆಯನ್ನು ಅವಳು ಕಾಲಿನಿಂದ ಹೊರಸಿನ ಕೆಳಗೆ ಸರಿಸಿದಳು. ಚಾಚಾಗೆ ಮಾತಾಡಲು ಪರವಾನಗಿ ಸಿಕ್ಕಂತಾಯಿತು. ಅವನು ಗುಲ್ಬರ್ಗಾದ ಕನ್ನಡ ಪರೀಕ್ಷೆಯ ಕತೆ ತೆಗೆದ. "ಇವನ ಹಿಂದ ಕುಂತಿದ್ದೆ ಭಾಬಿ. ಇವನ ಕಾಗದ ನೋಡಿ ಪೂರಾ ಬರದೆ. ಇವ ಒಂದು ಕಡೆ ತಪ್ಪು ಬರದು ಕಾಟು ಹೊಡದಿದ್ದ. ನಾನೂ ಅಲ್ಲೇ ತಪ್ಪು ಬರದು ಅಲ್ಲೇ ಕಾಟು ಹೊಡದೆ! ಸಾಹೇಬ್ರು ಕರದು ಕೇಳ್ತಾರ…" ಅವ್ವನಿಗೆ ಕತೆ ಬಾಯಿಪಾಠ, ಆದರೂ ಕೂತಳು. ದ್ರೌಪತಿ ಕಾಯಿ ಒಡೆದು ಬೀಜ ಬಿಡಿಸಿ ಅಪ್ಪನ ಅಂಗೈಗೆ ಹಾಕುತ್ತಿದ್ದಳು, ಪ್ರತಿ ಸಲವೂ ಮೆಲ್ಲಗೆ "ತಗೋರಿ" ಎನ್ನುತ್ತಿದ್ದಳು. ಅವನು ಬಾಯಿಗೆ ಹಾಕಿಕೊಳ್ಳುತ್ತಿದ್ದ, ಎಡ ದವಡೆಯಿಂದ ಅಗಿಯುತ್ತಿದ್ದ, ಕೈ ಮತ್ತೆ ಬರುತ್ತಿತ್ತು; ಈಗ ಬೆರಳುಗಳು ಮಡಚಿದ್ದವು. ತಗೋ ಅನ್ನುವುದಕ್ಕೆ ಸ್ಪ್ಯಾನಿಶಿನಲ್ಲಿ 'ತೋಮಾ'. ಮ್ಯಾಡ್ರಿಡ್ಡಿನ ಪುಸ್ತಕದಲ್ಲಿ ಅದು ನಡುವೆಲ್ಲೋ ಬರುತ್ತದೆ, ಅವಳೂ ಅದನ್ನು ಅಲ್ಲೇ ಇಟ್ಟಿದ್ದಳು. ಅದು ಮೊದಲ ಪುಟಕ್ಕೆ ಬರಬೇಕು. ಮೊದಲ ದಿನ ಅವಳು ತರಗತಿಗೆ ಏನಾದರೂ ತಿನ್ನಲು ಒಯ್ಯಬೇಕು, ಒಬ್ಬೊಬ್ಬರ ಕೈಗೂ ಕೊಡುತ್ತ ಹೋಗಬೇಕು, ಅವರು ಪಕ್ಕದವರಿಗೆ ಕೊಡಬೇಕು. ಮೊದಲ ಪಾಠದಲ್ಲಿ ಪ್ರಶ್ನೆಯೇ ಇರಬಾರದು. ಕಲಿತರೋ ಇಲ್ಲವೋ ಎಂದು ಹೇಗೆ ತಿಳಿಯುತ್ತೀರಿ ಎಂದು ಸಮಿತಿಯವರು ಸೋಮವಾರ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಡೀ ಪಠ್ಯಕ್ರಮ ಅದರಿಂದಲೇ ಬಿದ್ದುಹೋದರೂ ಹೋಗಬಹುದು. ನಾಳೆ ಹೊರಡುವ ಮೊದಲು ಒಂದು ಪದ ಅಂದಿದ್ದಳು, ಆ ಪದವೂ ಬರುವುದಿಲ್ಲ. ಬರದಿದ್ದರೆ ಬೇಡ. ಅಪ್ಪ ತಿನ್ನುತ್ತಿದ್ದಾನೆ.

ಒಂದು ಕಾಯಿ ಅವಳ ಕೈ ತಪ್ಪಿ ಹೊದಿಕೆಯ ಮೇಲೆ ಬಿತ್ತು. ಅಪ್ಪ ಅದನ್ನು ಎತ್ತಿಕೊಂಡ. ಹೊರಸಿನ ಪಟ್ಟಿಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದ, ಜಾರಿತು. ಮತ್ತೆ ಇಟ್ಟು ಒತ್ತಿದ. ಒಡೆಯಿತು. ದ್ರೌಪತಿ ಸಹಾಯಕ್ಕೆ ಹೋಗಲಿಲ್ಲ, ಕಾಯಲೂ ಇಲ್ಲ. ತನ್ನ ಪಾಡಿಗೆ ಇನ್ನೊಂದು ಬಿಡಿಸುತ್ತಿದ್ದಳು. ಚಾಚಾನ ಕತೆಯಲ್ಲಿ ಸಾಹೇಬರು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಕನ್ನಡಕ ಏರಿಸುತ್ತಿದ್ದರು, ಅವ್ವ ಆಗಲೇ ನಗಲು ಶುರುಮಾಡಿದ್ದಳು. ಅಪ್ಪ ಸಿಪ್ಪೆಯನ್ನು ಊದಿ ಬೀಜವನ್ನು ಎರಡು ಬೆರಳಲ್ಲಿ ಹಿಡಿದು ಮಗಳ ಕಡೆ ಚಾಚಿದ. ಬಾಯಿ ತೆರೆಯಿತು, ಮುಚ್ಚಿತು.

"ತಗೋ," ಅಂದ.

ಒರಟಾದ, ಬಹಳ ದಿನ ಬಳಸದ ದನಿ. ಚಾಚಾನ ನಗೆಯ ಕೆಳಗೆ ಅದು ಬೇರೆ ಯಾರಿಗೂ ಕೇಳಿಸಲಿಲ್ಲ. ತಾನು ಮಾತಾಡಿದ್ದು ಅಪ್ಪನಿಗೂ ತಿಳಿದಂತಿರಲಿಲ್ಲ. ಬೀಜ ಹಿಡಿದು, ಯಾಕೆ ತಡ ಎಂಬಂತೆ ಅವಳನ್ನು ನೋಡುತ್ತಿದ್ದ. ಅವ್ವನನ್ನು ಕೂಗಬೇಕೆಂದು ಬಾಯಿಗೆ ಬಂದದ್ದನ್ನು ದ್ರೌಪತಿ ನುಂಗಿಕೊಂಡಳು. ಮಡಿಲಲ್ಲಿದ್ದ ಸಿಪ್ಪೆ ಝಾಡಿಸಿ, ಎಡಗೈ ಚಾಚಿದಳು.